ಹಬ್ಬದ ಶುಭಾಶಯ ಪತ್ರ ಮತ್ತು ಸಹಾಯಾರ್ಥ ಕೈಗೆಲಸ: ಗದಗ ಸೀಮೆಯನ್ನು ಕುರಿತು ಒಂದು ವಿಮರ್ಶೆ

೧

ಶುಭಾಶಯ ಪತ್ರವು ಇತಿಹಾಸಕಾರರ ಗಮನಕ್ಕೆ ಸಾಮಾನ್ಯವಾಗಿ ಬೀಳುವ ವಸ್ತುವಲ್ಲ. ಶಾಸನ, ತಾಮ್ರಪಟ, ಕಡತ, ದಫ್ತರಗಳಿಗೆ ಸಲ್ಲುವ ಮರ್ಯಾದೆ ಅದಕ್ಕೆ ಸಲ್ಲುವುದಿಲ್ಲ. ಹಬ್ಬದ ದಿನ ಕೈಸೇರಿ, ನಾಲ್ಕು ದಿನ ಗೋಡೆಯ ಗೂಡಿನಲ್ಲಿದ್ದು, ಆಮೇಲೆ ರದ್ದಿಯ ಪಾಲಾಗುವುದೇ ಅದರ ಗತಿ. ಆದರೂ ಒಂದು ಸಮಾಜವು ತನ್ನ ಸಂತೋಷದ ದಿನಗಳಲ್ಲಿ ಯಾರನ್ನು ನೆನೆಯುತ್ತದೆ, ನೆನೆದವರನ್ನು ಯಾವ ಸ್ಥಾನದಲ್ಲಿ ಕುಳ್ಳಿರಿಸುತ್ತದೆ ಎಂಬುದನ್ನು ತಿಳಿಯಬಯಸುವವರಿಗೆ ಇಂಥ ಅಲ್ಪವಸ್ತುಗಳು ಹೇಳುವಷ್ಟನ್ನು ರಾಜರ ಶಾಸನಗಳು ಹೇಳಲಾರವು.

ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿಗಳ ರಜೆ ಸಮೀಪಿಸಿದಾಗ ವಿದ್ಯಾರ್ಥಿಗಳಿಂದ ಶುಭಾಶಯ ಪತ್ರ, ಆಕಾಶಬುಟ್ಟಿ, ಬಣ್ಣದ ಹಣತೆ, ಕಸೂತಿಯ ಚೀಲ ಮುಂತಾದವನ್ನು ಮಾಡಿಸಿ, ಮಾರಿ, ಬಂದ ಹಣವನ್ನು ಅನಾಥಾಲಯಕ್ಕೋ ನೆರೆ ಸಂತ್ರಸ್ತರ ನಿಧಿಗೋ ಒಪ್ಪಿಸುವ ರೂಢಿಯನ್ನು ಅಧ್ಯಾಪಕರೆಲ್ಲರೂ ಬಲ್ಲರು. ಇದನ್ನು ಮೆಚ್ಚದವರು ವಿರಳ. ಮೆಚ್ಚುಗೆ ಸುಲಭವಾಗಿ ದೊರೆಯುವ ಕಾರ್ಯಕ್ಕೆ ವಿಮರ್ಶೆ ದೊರೆಯುವುದು ಕಷ್ಟ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಕೈಯ ದುಡಿಮೆಯನ್ನು ಧರ್ಮಕ್ಕೆ ಸಲ್ಲಿಸಿದ ಪರಂಪರೆ ಸಾವಿರ ವರ್ಷಕ್ಕೂ ಹಿಂದಿನದು. ಆ ಪರಂಪರೆಯನ್ನು ಅಳತೆಗೋಲಾಗಿ ಇಟ್ಟುಕೊಂಡು ಇಂದಿನ ರೂಢಿಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪರಿಶೀಲನೆಗೆ ಮೂರು ಪ್ರಶ್ನೆಗಳು ಸಾಕು. ಕೈ ಯಾರದು? ಹೆಸರು ಯಾರದು? ಫಲ ಯಾರದು? ಸಹಾಯಾರ್ಥವಾಗಿ ಮಾಡಿದ ಯಾವ ವಸ್ತುವಿಗಾದರೂ ಈ ಮೂರನ್ನು ಕೇಳಿದರೆ ಅದರ ಯೋಗ್ಯತೆ ತಾನಾಗಿಯೇ ಹೊರಬೀಳುತ್ತದೆ.

೨

ಮುದ್ರಿತ ಶುಭಾಶಯ ಪತ್ರದ ಮೂಲವನ್ನು ಮೊದಲು ನೋಡೋಣ. ೧೮೪೩ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿಯು ತನ್ನ ಮಿತ್ರ, ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿಯಿಂದ ಬರೆಸಿದ ಚಿತ್ರವೇ ಮಾರಾಟಕ್ಕೆ ಬಂದ ಮೊದಲನೆಯ ಕ್ರಿಸ್‌ಮಸ್ ಪತ್ರವೆಂದು ಪರಿಗಣಿತವಾಗಿದೆ. ಅದರ ಬೆಲೆ ಒಂದು ಷಿಲಿಂಗ್. ನಡುವೆ ಮೂರು ತಲೆಮಾರಿನ ಸುಖೀ ಕುಟುಂಬವೊಂದು ಪಾನಪಾತ್ರೆಗಳನ್ನೆತ್ತಿ ಕುಳಿತಿದೆ. ಎಡಬಲದ ಎರಡು ಕಿರುಪಟ್ಟಿಗಳಲ್ಲಿ ಹಸಿದವರಿಗೆ ಅನ್ನವನ್ನೂ ಬಟ್ಟೆಯಿಲ್ಲದವರಿಗೆ ಬಟ್ಟೆಯನ್ನೂ ಕೊಡುವ ದೃಶ್ಯಗಳಿವೆ. ಶುಭಾಶಯ ಮತ್ತು ದಾನ ಎರಡೂ ಒಂದೇ ಕಾಗದದ ಮೇಲೆ ಜನ್ಮತಾಳಿದುವೆಂಬುದು ಗಮನಾರ್ಹ. ಬಡವನ ಸ್ಥಾನವು ಮೊದಲಿನಿಂದಲೂ ಅಂಚಿನಲ್ಲಿಯೇ ಇತ್ತೆಂಬುದು ಇನ್ನೂ ಗಮನಾರ್ಹ. ಅವನು ಪತ್ರವನ್ನು ಕಳುಹಿಸುವವನಲ್ಲ, ಪಡೆಯುವವನೂ ಅಲ್ಲ. ಇಬ್ಬರ ಸಂತೋಷಕ್ಕೆ ಶೋಭೆ ಕೊಡುವ ಮೂರನೆಯವನು.

ಈ ಅಂಚು ನಮ್ಮಿಂದ ದೂರದಲ್ಲಿರಲಿಲ್ಲ. ೧೮೩೪ರಲ್ಲಿ ಮಂಗಳೂರಿಗೂ, ೧೮೩೭ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಷನ್ ೧೮೪೧ರಲ್ಲಿ, ಎಂದರೆ ಕೋಲ್‌ನ ಪತ್ರ ಅಚ್ಚಾಗುವ ಎರಡು ವರ್ಷ ಮೊದಲು, ಬೆಟಗೇರಿಯಲ್ಲಿ ತನ್ನ ಠಾಣೆಯನ್ನು ತೆರೆಯಿತು. ಆ ಸಂಸ್ಥೆಗೆ ಹಣ ಒದಗುತ್ತಿದ್ದ ಮಾರ್ಗಗಳಲ್ಲಿ ಎರಡು ನಮ್ಮ ವಿಷಯಕ್ಕೆ ಸಂಬಂಧಿಸಿವೆ. ಕಾರ್ಲ್ ಸರಾಸಿನ್ ಎಂಬವರು ೧೮೫೫ರಲ್ಲಿ ಆರಂಭಿಸಿದ, ವಾರಕ್ಕೊಮ್ಮೆ ಅರ್ಧ ಬಾಟ್ಸನ್ ನಾಣ್ಯ ಕೊಡುವ ಸಾಮಾನ್ಯ ಜನರ ವಂತಿಗೆ ಒಂದು. ಸ್ವಿಟ್ಸರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಹೆಣೆದು ಹೊಲಿದು ಮಿಷನ್ನಿಗಾಗಿ ಮಾರಿದ ಕೈಗೆಲಸ ಇನ್ನೊಂದು. ಇಂಥ ನೆರವಿನಿಂದ ನಡೆದ ಶಾಲೆಗಳ ಉಪಕಾರವನ್ನು ಈ ಸೀಮೆ ಮರೆಯುವಂತಿಲ್ಲ. ಆದರೆ ಅಲ್ಲಿ ಹೊಲಿಯುತ್ತ ಕುಳಿತವಳಿಗೆ ಬೆಟಗೇರಿಯ ನೇಕಾರನು ಕತ್ತಲೆಯಲ್ಲಿರುವ ಒಬ್ಬ ಅಜ್ಞಾತ ಪರದೇಶಿ ಮಾತ್ರ. ಅವನ ನೇಯ್ಗೆಯ ಕುಶಲತೆ ಅವಳಿಗೆ ತಿಳಿಯದು; ಅವಳ ಸೂಜಿಯ ಕುಶಲತೆ ಅವನಿಗೆ ತಿಳಿಯದು. ಕೈಗೆಲಸ ಬಲ್ಲ ಇಬ್ಬರು ಪರಸ್ಪರರನ್ನು ಕೈಗೆಲಸದಿಂದ ಅರಿಯದೆ ಉಳಿದುದು ಆ ವ್ಯವಸ್ಥೆಯ ಕೊರತೆ.

ಈ ಕ್ರಮ ತಲೆಕೆಳಗಾದುದು ಎರಡನೆಯ ಮಹಾಯುದ್ಧದ ನಂತರ. ವಿಶ್ವಸಂಸ್ಥೆಯ ಮಕ್ಕಳ ನಿಧಿಯಿಂದ ನೆರವು ಪಡೆದ ಚೆಕೊಸ್ಲೊವಾಕಿಯದ ಹಳ್ಳಿಯೊಂದರ ಏಳು ವರ್ಷದ ಬಾಲಕಿ ಯಿಟ್ಕಾ ಸಾಮ್ಕೋವಾ, ಕೃತಜ್ಞತೆಗಾಗಿ, ಅಲಂಕರಿಸಿದ ಕಂಬದ ಸುತ್ತ ಕುಣಿಯುವ ಮಕ್ಕಳ ಚಿತ್ರ ಬರೆದಳು. ಕಾಗದ ದೊರೆಯದ ಕಾರಣ ಗಾಜಿನ ಮೇಲೆ ಬರೆದಳು. ೧೯೪೯ರಲ್ಲಿ ಅದೇ ಚಿತ್ರವು ಆ ಸಂಸ್ಥೆಯ ಮೊದಲನೆಯ ಶುಭಾಶಯ ಪತ್ರವಾಯಿತು. ಕೋಲ್‌ನ ಪತ್ರದಲ್ಲಿ ಅಂಚಿನಲ್ಲಿದ್ದವರು ಇಲ್ಲಿ ಚಿತ್ರಕಾರರಾಗಿದ್ದಾರೆ. ಕೈ ಆ ಬಾಲಕಿಯದು, ಹೆಸರೂ ಆಕೆಯದೇ; ಫಲ ಆಕೆಯಂಥ ಇತರ ಮಕ್ಕಳದು. ನೂರಾರು ವರ್ಷಗಳಲ್ಲಿ ಸಹಾಯಾರ್ಥ ಪತ್ರವು ಸಾಧಿಸಿದ ನಿಜವಾದ ಪ್ರಗತಿ ಇದೊಂದೇ ಎಂದರೆ ತಪ್ಪಾಗಲಾರದು.

೩

ಪತ್ರದ ರೂಪ ಹೊರಗಿನಿಂದ ಬಂದಿರಬಹುದು. ಶುಭಾಶಯದ ರೂಢಿ ಹೊರಗಿನದಲ್ಲ. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಬಂಗಾರವೆಂದು ಕೊಟ್ಟು, ಹಿರಿಯರ ಕಾಲಿಗೆರಗಿ, ಬಂಗಾರದಂತೆ ಬಾಳೋಣ ಎನ್ನುವ ಆಚಾರದಲ್ಲಿ ಬರವಣಿಗೆಯಿಲ್ಲ, ಬೆಲೆಯೂ ಇಲ್ಲ. ಗಿಡದಿಂದ ಕಿತ್ತ ಎಲೆ ಶ್ರೀಮಂತನ ಕೈಯಲ್ಲಿಯೂ ಬಡವನ ಕೈಯಲ್ಲಿಯೂ ಒಂದೇ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಲಂಬಾಣಿ ತಾಂಡಾಗಳಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು, ನಾಯಕನ ಮನೆಯಿಂದ ತೊಡಗಿ ಒಂದು ಮನೆಯನ್ನೂ ಬಿಡದೆ ಬಾಗಿಲಿಗೆ ಹೋಗಿ ಶುಭ ಕೋರುತ್ತಾರೆ. ಇದಕ್ಕೆ ಮೇರಾ ಎಂದು ಹೆಸರು. ಯಾವ ಮನೆಗೆ ಶುಭಾಶಯ ಹೋಗಬೇಕು, ಯಾವುದಕ್ಕೆ ಬೇಡ ಎಂಬ ಆಯ್ಕೆಗೆ ಅಲ್ಲಿ ಅವಕಾಶವಿಲ್ಲ. ವಿಳಾಸಗಳ ಪಟ್ಟಿ ಇಟ್ಟುಕೊಂಡು ಆರಿಸಿ ಕಳುಹಿಸುವ ಪತ್ರಕ್ಕೂ ಇದಕ್ಕೂ ಇರುವ ಅಂತರವನ್ನು ವಾಚಕರು ಊಹಿಸಬಲ್ಲರು.

ಸಂಕ್ರಾಂತಿಯ ಕುಸುರೆಳ್ಳು ಇವೆರಡಕ್ಕಿಂತ ಹೆಚ್ಚು ಶ್ರಮದ್ದು. ಸಣ್ಣ ಉರಿಯ ಮೇಲೆ ಅಗಲವಾದ ಪಾತ್ರೆಯಿಟ್ಟು, ಎಳ್ಳಿನ ಮೇಲೆ ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಬಿಡುತ್ತ, ಬೆರಳುಗಳಿಂದ ಆಡಿಸುತ್ತ ಹೋದರೆ ಕಾಳಿನ ಸುತ್ತ ಬಿಳಿಯ ಮುಳ್ಳುಗಳು ಏಳುತ್ತವೆ. ಪಾಕ ಹೆಚ್ಚಾದರೆ ಕಾಳುಗಳು ಅಂಟಿಕೊಳ್ಳುತ್ತವೆ, ಉರಿ ಹೆಚ್ಚಾದರೆ ಬಣ್ಣ ಕೆಡುತ್ತದೆ. ಚಳಿಯ ದಿನಗಳಲ್ಲಿ ಹೆಣ್ಣುಮಕ್ಕಳು ದಿನಗಟ್ಟಲೆ ಕುಳಿತು ಮಾಡುವ ಕೆಲಸವಿದು. ಹೀಗೆ ಮಾಡಿದುದನ್ನು ಮನೆಮನೆಗೆ ಹಂಚಿ, ಎಳ್ಳು ತೆಗೆದುಕೊಂಡು ಒಳ್ಳೆಯವರಾಗಿರೋಣ ಎಂದು ಹೇಳಿಕೊಳ್ಳುವುದು ಉತ್ತರ ಕರ್ನಾಟಕದ ಪದ್ಧತಿ. ವರ್ಷವಿಡೀ ನಡೆದ ಮನಸ್ತಾಪವನ್ನು ಮುಗಿಸಲು ಇದೊಂದು ಸಂದರ್ಭ. ಆದಕಾರಣ ಇಲ್ಲಿಯ ಶುಭಾಶಯಕ್ಕೆ ಕೇವಲ ಹಾರೈಕೆಯ ಅರ್ಥವಲ್ಲ, ರಾಜಿಯ ಅರ್ಥವೂ ಇದೆ.

ಸಂಕ್ರಾಂತಿಯ ಶುಭಾಶಯ ಪತ್ರವು ಈ ಎಳ್ಳಿನ ಬೆನ್ನು ಹತ್ತಿಯೇ ಬಂದಿತು. ದೂರದ ಊರಿನಲ್ಲಿದ್ದವರಿಗೆ ಎಳ್ಳನ್ನು ಕೈಯಿಂದ ಕೊಡುವುದು ಸಾಧ್ಯವಿಲ್ಲದಾಗ, ಕಾಳುಗಳ ಪುಟ್ಟ ಪೊಟ್ಟಣವನ್ನು ಪತ್ರದೊಡನೆ ಲಕೋಟೆಯಲ್ಲಿಟ್ಟು ಕಳುಹಿಸುತ್ತಿದ್ದರು. ಗದಗ-ಬೆಟಗೇರಿಯು ಮುದ್ರಣಾಲಯಗಳ ಊರೆಂದು ಹೆಸರಾದುದು. ಪುರಾಣ, ಭಜನೆಯ ಪುಸ್ತಕ, ನಾಟಕ, ನಿಘಂಟು, ದಿನಚರಿಗಳನ್ನು ನಾಡಿಗೆಲ್ಲ ಒದಗಿಸಿದ ಊರು. ಆದರೂ ಶಾಲೆಯ ಮಕ್ಕಳು ಹಳೆಯ ನೋಟುಪುಸ್ತಕದ ರಟ್ಟಿನ ಮೇಲೆ ಬಣ್ಣದ ಪೆನ್ಸಿಲಿನಿಂದ ಕಬ್ಬು, ಕೊಡ, ಸೂರ್ಯರನ್ನು ಬರೆದು ಪತ್ರ ಮಾಡುವುದು ನಿಲ್ಲಲಿಲ್ಲ. ಅದಕ್ಕೆ ಕಾರಣ ಕಲಾಭಿಮಾನವಲ್ಲ. ಕೊಳ್ಳುವ ಹಣವಿರಲಿಲ್ಲ ಎಂಬುದೇ. ಸಂದೇಶಗಳು ದೂರವಾಣಿಯ ಮೂಲಕ ಕ್ಷಣದಲ್ಲಿ ಹೋಗತೊಡಗಿದ ಮೇಲೆ ಮುದ್ರಿತ ಪತ್ರವು ಅಂಗಡಿಗಳಿಂದ ಬಹುಮಟ್ಟಿಗೆ ಮರೆಯಾಗಿದೆ. ಕೈಯಿಂದ ಮಾಡಿದ ಪತ್ರವು ಮಾತ್ರ ಶಾಲೆಯ ಚಟುವಟಿಕೆಯಾಗಿಯೂ ಸಹಾಯಾರ್ಥ ಮಾರಾಟದ ವಸ್ತುವಾಗಿಯೂ ಉಳಿದಿದೆ. ಅಂದು ಬಡತನದ ಗುರುತಾಗಿದ್ದುದು ಇಂದು ಹೆಚ್ಚಿನ ಬೆಲೆಗೆ ಮಾರುವ ವಿಶೇಷವಾಗಿದೆ. ಈ ಬದಲಾವಣೆಯ ಅರ್ಥವನ್ನು ವಿಚಾರಿಸದೆ ಕೈಗೆಲಸವನ್ನು ಹೊಗಳುವುದು ಉಚಿತವಲ್ಲ.

೪

ಕೈಯಿಂದ ಮಾಡಿಸಿ ಧರ್ಮಾರ್ಥ ಹಂಚಿದ ವಸ್ತುವಿಗೆ ನಮ್ಮ ಸೀಮೆಯ ಅತ್ಯಂತ ಪ್ರಸಿದ್ಧ ನಿದರ್ಶನ ಅತ್ತಿಮಬ್ಬೆಯದು. ಗದಗಿನಿಂದ ಸುಮಾರು ೧೨ ಕಿಲೋಮೀಟರಿನಷ್ಟು ದೂರದ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಈಕೆಯನ್ನು ೧೦೦೭ರ ಶಾಸನ ಕೊಂಡಾಡುತ್ತದೆ. ೯೯೩ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳೂ ಈಕೆಯೇ. ಪೊನ್ನನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ದಾನಚಿಂತಾಮಣಿ ಎಂಬ ಬಿರುದಿಗೆ ಮುಖ್ಯ ಆಧಾರಗಳಲ್ಲೊಂದು. ಜೈನಧರ್ಮದಲ್ಲಿ ಅನ್ನ, ಔಷಧ, ಅಭಯಗಳ ಸಾಲಿನಲ್ಲಿ ಶಾಸ್ತ್ರವೂ ದಾನದ ವಸ್ತುವಾಗಿದೆ. ವ್ರತಗಳ ಉದ್ಯಾಪನೆಯಂದು ಗ್ರಂಥವನ್ನು ನಕಲು ಮಾಡಿಸಿ ಕೊಡುವ ಪದ್ಧತಿಯೂ ಇತ್ತು. ಧವಲಾ ಗ್ರಂಥದ ಪ್ರತಿಯೊಂದನ್ನು ದೇಮಿಯಕ್ಕ ಎಂಬಾಕೆ ಶ್ರುತಪಂಚಮಿ ವ್ರತದ ಅಂಗವಾಗಿ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳೆಂದು ಅದರ ಪ್ರಶಸ್ತಿಯೇ ತಿಳಿಸುತ್ತದೆ. ಪರ್ವದಿನ, ಕೈಬರಹ, ದಾನ ಈ ಮೂರರ ಸಂಯೋಗ ನಮಗೆ ಹೊಸದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಒಂದು ಸಾವಿರ ಪ್ರತಿ ಎಂದರೆ ಎಷ್ಟು ಕೆಲಸವೆಂದು ನಾವು ಲೆಕ್ಕ ಹಾಕುವುದಿಲ್ಲ. ತಾಳೆಗರಿಯನ್ನು ತಂದು, ಹದಮಾಡಿ, ಸಮನಾಗಿ ಕತ್ತರಿಸಿ, ರಂಧ್ರ ಕೊರೆದು, ಕಂಟದಿಂದ ಒಂದೊಂದೇ ಅಕ್ಷರವನ್ನು ಗೀರಿ, ಮಸಿ ತುಂಬಿ ಒರಸಿ, ದಾರದಲ್ಲಿ ಪೋಣಿಸಿ, ಮರದ ಹಲಗೆಗಳ ನಡುವೆ ಕಟ್ಟಬೇಕು. ಒಂದು ಚಂಪೂಕಾವ್ಯದ ಒಂದು ಪ್ರತಿಗೇ ಲಿಪಿಕಾರನಿಗೆ ಎಷ್ಟೋ ದಿನಗಳು ಬೇಕು. ಸಾವಿರ ಪ್ರತಿಗೆ ಅನೇಕ ಲಿಪಿಕಾರರು ಬಹುಕಾಲ ದುಡಿದಿರಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಲ್ಲಿ ಒಬ್ಬನ ಹೆಸರೂ ಇಲ್ಲ. ಬರೆಯಿಸಿದವಳ ಹೆಸರು ಸಾವಿರ ವರ್ಷ ಬಾಳಿತು. ಬರೆದವರ ಕೈ ಮರೆತುಹೋಯಿತು.

ಅಂದಿನ ಕಾಲಧರ್ಮವೇ ಹಾಗಿತ್ತೆಂದು ಸಮಾಧಾನ ಹೇಳುವವರುಂಟು. ಈ ಸಮಾಧಾನ ಪೂರ್ಣವಾಗಿ ನಿಲ್ಲುವುದಿಲ್ಲ. ಕನ್ನಡ ಶಾಸನಗಳ ಕೊನೆಯಲ್ಲಿ ಪದ್ಯ ರಚಿಸಿದವನ, ಬರೆದವನ, ಕಲ್ಲಿನಲ್ಲಿ ಕಂಡರಿಸಿದವನ ಹೆಸರುಗಳು ಎಷ್ಟೋ ಕಡೆ ಬರುತ್ತವೆ. ರೂವಾರಿಗಳು ತಮ್ಮ ಬಿರುದುಗಳೊಡನೆ ಹೆಸರು ಕೊರೆದುಕೊಂಡಿದ್ದಾರೆ. ಕೈಗೆ ಹೆಸರು ಕೊಡುವ ಸಂಪ್ರದಾಯ ನಮ್ಮಲ್ಲಿ ಇದ್ದೇ ಇತ್ತು. ದಾನದ ಕಥೆಯನ್ನು ಹೇಳುವಾಗ ಅದನ್ನು ಬಿಟ್ಟವರು ನಾವು. ಅತ್ತಿಮಬ್ಬೆಯ ಔದಾರ್ಯ ಇದರಿಂದ ಕಿರಿದಾಗುವುದಿಲ್ಲ. ಆಕೆಯನ್ನು ಸ್ಮರಿಸುವ ನಮ್ಮ ರೀತಿ ಅಪೂರ್ಣವೆಂದು ಮಾತ್ರ ತಿಳಿಯುತ್ತದೆ.

೫

ಕೈ, ಹೆಸರು, ಫಲ ಇವು ಮೂರೂ ಪರಸ್ಪರ ಹತ್ತಿರ ಬಂದ ಎರಡು ನಿದರ್ಶನಗಳು ಇದೇ ಸೀಮೆಯಲ್ಲಿವೆ.

ಮೊದಲನೆಯದು ಮುಂಡರಗಿ ತಾಲೂಕಿನ ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ. ಜಾತ್ರೆಗೆ ಮನೆಮನೆಗಳಲ್ಲಿ ಜೋಳದ ರೊಟ್ಟಿ ತಟ್ಟಿ ಮಠಕ್ಕೆ ತರುತ್ತಾರೆ. ಪಲ್ಯ, ಕರಿಂಡಿಗಳೊಡನೆ ಅದನ್ನು ಜಾತಿಮತದ ಭೇದವಿಲ್ಲದೆ ಸಾಲಾಗಿ ಕುಳಿತು ಉಣ್ಣುತ್ತಾರೆ. ರೊಟ್ಟಿ ತಟ್ಟುವುದು ಸಾಮಾನ್ಯ ಕೈಗೆಲಸವಲ್ಲವೆಂದು ತಟ್ಟಿದವರು ಬಲ್ಲರು. ಆದರೆ ಇಲ್ಲಿ ಯಾರ ಮನೆಯ ರೊಟ್ಟಿ ಯಾರ ಎಡೆಗೆ ಬಂದಿತೆಂದು ಹೇಳಲಾಗದು; ಕೊಟ್ಟವಳೂ ಉಣ್ಣುವವಳೇ, ಉಣ್ಣುವವನ ಮನೆಯಿಂದಲೂ ಬುಟ್ಟಿ ಬಂದಿದೆ. ಶರಣರು ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತನ್ನು ಹೆಚ್ಚಾಗಿ ಮೆಚ್ಚಿದುದರ ಕಾರಣ ಈ ಪಂಕ್ತಿಯಲ್ಲಿ ಕುಳಿತವರಿಗೆ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಹೆಸರು ಇಲ್ಲಿ ಯಾರದೂ ಅಲ್ಲ, ನಿಜ. ಒಬ್ಬರದಾದರೂ ಇದ್ದು ಮತ್ತೊಬ್ಬರದು ಇಲ್ಲವೆಂದಾದಾಗ ಅನ್ಯಾಯ. ಎಲ್ಲರ ಹೆಸರೂ ಒಂದೇ ಬುಟ್ಟಿಯಲ್ಲಿ ಕರಗಿದರೆ ಅನ್ಯಾಯವಲ್ಲ.

ಎರಡನೆಯದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು (೧೮೯೨-೧೯೪೪) ಊರೂರು ಅಲೆಯುತ್ತ ನಡೆಸಿದ ಸಂಗೀತ ಪಾಠಶಾಲೆ ಇಲ್ಲಿ ನೆಲೆನಿಂತಿತು. ಬಸವರಾಜ ರಾಜಗುರು ಅವರಂಥ ಗಾಯಕರು ಅವರ ಶಿಷ್ಯರು. ಅವರ ತರುವಾಯ ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ (೧೯೧೪-೨೦೧೦) ಅಂಧರೇ. ಅಂಧ, ಅನಾಥ, ಬಡ ಮಕ್ಕಳ ಅನ್ನಕ್ಕೆ ಹಣ ಬೇಕಾದಾಗ ಆಶ್ರಮವು ಕೇವಲ ಭಿಕ್ಷೆಯನ್ನು ನಂಬಿ ಕೂಡಲಿಲ್ಲ. ತನ್ನದೇ ನಾಟ್ಯಸಂಘವನ್ನು ಕಟ್ಟಿತು. ಗವಾಯಿಗಳು ನಾಟಕಗಳನ್ನು ಬರೆದರು, ಶಿಷ್ಯರು ಹಾಡಿದರು, ನುಡಿಸಿದರು, ಅಭಿನಯಿಸಿದರು. ಟಿಕೆಟ್ಟಿನ ಹಣ ಅಡಿಗೆಮನೆಗೆ ಹೋಯಿತು. ಭಕ್ತರು ಮಾಡಿಸಿದ ತುಲಾಭಾರಗಳ ಹಣವೂ ಅಲ್ಲಿಗೇ ಸೇರಿತು. ಸಹಾಯಾರ್ಥ ಪ್ರದರ್ಶನವೆಂಬ ಮಾತಿಗೆ ಇಲ್ಲಿ ವಿಶೇಷ ಅರ್ಥವಿದೆ. ಅಂಧರಿಗಾಗಿ ಕಣ್ಣುಳ್ಳವರು ಆಡಿದ ನಾಟಕವಲ್ಲ ಅದು. ಯಾರಿಗೆ ಸಹಾಯ ಬೇಕೋ ಅವರೇ ವಿದ್ಯಾವಂತರು; ಪ್ರೇಕ್ಷಕನು ಕೊಟ್ಟುದು ಕರುಣೆಯ ಕಾಣಿಕೆಯಲ್ಲ, ಕೇಳಿದ ಸಂಗೀತಕ್ಕೆ ಸಲ್ಲಬೇಕಾದ ಬೆಲೆ. ೨೦೧೦ರಲ್ಲಿ ಗವಾಯಿಗಳಿಗೆ ಪದ್ಮಭೂಷಣ ಪ್ರಶಸ್ತಿ ಬಂದಾಗ ಅದು ದಾನಿಗೆ ಸಂದ ಗೌರವವಾಗಿರಲಿಲ್ಲ, ಕಲಾವಿದನಿಗೆ ಸಂದ ಗೌರವವಾಗಿತ್ತು.

೬

ಈ ನಿದರ್ಶನಗಳ ಬೆಳಕಿನಲ್ಲಿ ನಮ್ಮ ಕಾಲೇಜುಗಳ ಹಬ್ಬದ ಮಾರಾಟವನ್ನು ನೋಡಿದರೆ ಎರಡು ಆಕ್ಷೇಪಗಳು ಏಳುತ್ತವೆ.

ಮೊದಲನೆಯದು ಲೆಕ್ಕದ್ದು. ಒಂದು ಪತ್ರಕ್ಕೆ ಕಾಗದ, ಬಣ್ಣ, ಅಂಟುಗಳ ವೆಚ್ಚ ೧೦ ರೂಪಾಯಿಯೆಂದೂ ಮಾರಿದ ಬೆಲೆ ೩೦ ರೂಪಾಯಿಯೆಂದೂ ಇಟ್ಟುಕೊಳ್ಳೋಣ. ಉಳಿದುದು ೨೦. ಅದನ್ನು ಮಾಡಲು ವಿದ್ಯಾರ್ಥಿಗೆ ಒಂದು ಗಂಟೆ ಹಿಡಿಯಿತು. ಕೊಂಡವರು ಬಹುಪಾಲು ಅಧ್ಯಾಪಕರು, ತಂದೆತಾಯಿಗಳು, ಗೆಳೆಯರು. ಅವರು ಪತ್ರವಿಲ್ಲದೆಯೇ ಆ ೩೦ ರೂಪಾಯಿಯನ್ನು ಕೊಟ್ಟಿದ್ದರೆ ಅನಾಥಾಲಯಕ್ಕೆ ೧೦ ರೂಪಾಯಿ ಹೆಚ್ಚಾಗಿ ಸೇರುತ್ತಿತ್ತು. ಎಂದರೆ, ಹಣ ಕೂಡಿಸುವುದೊಂದೇ ಗುರಿಯಾದರೆ ಕೈಗೆಲಸವು ಲಾಭದ ಮಾರ್ಗವಲ್ಲ. ಅದಕ್ಕೆ ಬೇರೆ ಸಮರ್ಥನೆ ಬೇಕು. ಆ ಸಮರ್ಥನೆ ಒಂದೇ: ಮಾಡಿದವರಿಗೂ ಪಡೆದವರಿಗೂ ನಡುವೆ ಅದು ಪರಿಚಯವನ್ನು ಹುಟ್ಟಿಸಬೇಕು. ವಿದ್ಯಾರ್ಥಿಯು ತಾನು ಯಾರಿಗಾಗಿ ಬಣ್ಣ ಹಚ್ಚಿದನೋ ಅವರ ಮುಖವನ್ನೇ ನೋಡದಿದ್ದರೆ, ಹಣದ ಲಾಭವೂ ಇಲ್ಲ, ಪರಿಚಯದ ಲಾಭವೂ ಇಲ್ಲ. ಉಳಿಯುವುದು ಸಮಾರಂಭದ ಛಾಯಾಚಿತ್ರವೊಂದೇ. ಅದರಲ್ಲಿ ಮಕ್ಕಳು ಹಾರ್ಸ್ಲಿಯ ಚಿತ್ರದಂತೆ ಮತ್ತೆ ಅಂಚಿನಲ್ಲಿಯೇ ನಿಂತಿರುತ್ತಾರೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಬೆಟಗೇರಿಯ ಕೈಮಗ್ಗದ ನೇಕಾರರು, ಹಳೆಯ ಸೀರೆಗಳಿಂದ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು, ಸಂಕ್ರಾಂತಿಗೆ ಕುಸುರೆಳ್ಳು ಮಾಡಿ ಮಾರುವವರು, ಇವರೆಲ್ಲರಿಗೆ ಕೈಗೆಲಸವು ಹವ್ಯಾಸವಲ್ಲ, ಜೀವನೋಪಾಯ. ವಿದ್ಯಾರ್ಥಿಯು ತನ್ನ ದುಡಿಮೆಗೆ ಬೆಲೆ ಕಟ್ಟುವುದಿಲ್ಲ. ಆದುದರಿಂದ ಅವನ ವಸ್ತು ಅಗ್ಗ. ಕೊಳ್ಳುವವನಿಗಂತೂ ಅಗ್ಗದ ವಸ್ತುವಿನೊಡನೆ ಪುಣ್ಯವೂ ದೊರೆಯುತ್ತದೆ. ಅದೇ ಮನುಷ್ಯನು ಮರುದಿನ ಸಂತೆಯಲ್ಲಿ ಕೌದಿಯ ಬೆಲೆ ಕೇಳಿ, ಬಟ್ಟೆ ಹಳೆಯದು, ಹೊಲಿಗೆಯೊಂದೇ ತಾನೆ ಎಂದು ಚೌಕಾಶಿ ಮಾಡುತ್ತಾನೆ. ಕೈಯ ದುಡಿಮೆಗೆ ಬೆಲೆಯಿಲ್ಲವೆಂಬ ಪಾಠವನ್ನು ಅವನಿಗೆ ಕಲಿಸಿದವರಲ್ಲಿ ನಮ್ಮ ಸಹಾಯಾರ್ಥ ಮಾರಾಟವೂ ಒಂದಾಗಬಾರದು. ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದಾಗ ಸಾಲಗಾರ ರೈತನನ್ನು ದಾನದ ಪಾತ್ರವೆಂದು ಭಾವಿಸಲಿಲ್ಲ, ಸದಸ್ಯನೆಂದು ಭಾವಿಸಿದರು. ದೇಶದ ಸಹಕಾರ ಚಳವಳಿಗೆ ಆದಿಯೆನಿಸಿದ ಈ ಪ್ರಯತ್ನ ನಡೆದ ತಾಲೂಕಿನಲ್ಲಿ ಕೈಗೆಲಸದವರನ್ನು ಕರುಣೆಯ ವಸ್ತುವಾಗಿ ಕಾಣುವುದು ನಮಗೆ ಶೋಭಿಸದು.

ಹಾಗೆಂದು ಹಬ್ಬದ ಕೈಗೆಲಸವನ್ನು ನಿಲ್ಲಿಸಬೇಕೆಂದು ಈ ಲೇಖನ ವಾದಿಸುವುದಿಲ್ಲ. ಅದನ್ನು ತಿದ್ದಿಕೊಳ್ಳಲು ನಾಲ್ಕು ಸೂಚನೆಗಳನ್ನು ಮಾಡಬಹುದು. ಒಂದು, ಪ್ರತಿಯೊಂದು ಪತ್ರದ ಹಿಂಬದಿಯಲ್ಲಿ ಮಾಡಿದವರ ಹೆಸರು, ಊರು, ವರ್ಷಗಳನ್ನು ಬರೆಯಿಸಬೇಕು. ರೂವಾರಿಗೆ ಸಂದ ಹಕ್ಕು ವಿದ್ಯಾರ್ಥಿಗೂ ಸಲ್ಲಲಿ. ಎರಡು, ವೆಚ್ಚ, ಮಾರಾಟ, ಒಪ್ಪಿಸಿದ ಮೊತ್ತ ಇವುಗಳ ಲೆಕ್ಕವನ್ನು ಸೂಚನಾ ಫಲಕದ ಮೇಲೆ ಹಚ್ಚಬೇಕು. ಮೂರು, ಮಾರಾಟದ ಮೇಜಿನ ಮೇಲೆ ಊರಿನ ನೇಕಾರರು, ಕೌದಿಯವರು, ಕುಸುರೆಳ್ಳಿನವರು ಮಾಡಿದ ವಸ್ತುಗಳಿಗೂ ಅವರು ಹೇಳಿದ ಬೆಲೆಯಲ್ಲಿ ಸ್ಥಾನವಿರಬೇಕು. ಸಾಧ್ಯವಾದರೆ ಅವರನ್ನೇ ಕರೆಯಿಸಿ ವಿದ್ಯಾರ್ಥಿಗಳಿಗೆ ಆ ಕೆಲಸವನ್ನು ಕಲಿಸಿಕೊಡುವಂತೆ ಕೇಳಿ, ಕಲಿಸಿದುದಕ್ಕೆ ಗೌರವಧನ ಕೊಡಬೇಕು. ನಾಲ್ಕು, ಹಣ ಪಡೆಯುವ ಸಂಸ್ಥೆಯ ಮಕ್ಕಳನ್ನು ಫಲಾನುಭವಿಗಳೆಂದು ವೇದಿಕೆಗೆ ಹತ್ತಿಸದೆ, ಪತ್ರ ಮಾಡುವ ಪಂಕ್ತಿಯಲ್ಲಿಯೇ ಕೂಡಿಸಿಕೊಳ್ಳಬೇಕು. ಅವರಿಗೆ ಬರುವ ಹಾಡು, ಚಿತ್ರ, ಹೊಲಿಗೆಗಳನ್ನು ನಮ್ಮ ವಿದ್ಯಾರ್ಥಿಗಳು ಅವರಿಂದ ಕಲಿಯಲಿ.

ಇತಿಹಾಸ ವಿಭಾಗಗಳಿಗೆ ಇನ್ನೂ ಒಂದು ಕೆಲಸವಿದೆ. ಹಳೆಯ ಸಂಕ್ರಾಂತಿ ಪತ್ರಗಳು ನಮ್ಮ ಸೀಮೆಯ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿ, ಪುಸ್ತಕಗಳ ನಡುವೆ ಇನ್ನೂ ಅಲ್ಲಲ್ಲಿ ಉಳಿದಿವೆ. ಮಕ್ಕಳು ತಮ್ಮ ಕೈಯಿಂದ ಬರೆದವೂ, ಊರಿನ ಮುದ್ರಣಾಲಯಗಳಲ್ಲಿ ಅಚ್ಚಾದವೂ ಅವುಗಳಲ್ಲಿವೆ. ಪ್ರತಿ ವರ್ಷ ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳು ಅವುಗಳನ್ನು ಕಳುಹಿಸಿದವರು, ಪಡೆದವರು, ಊರು, ವರ್ಷ ಇಷ್ಟನ್ನು ಮನೆಯವರಿಂದ ಕೇಳಿ ಬರೆದು ತಂದರೆ, 'ಕೈ ಯಾರದು' ಎಂಬ ಪ್ರಶ್ನೆಗೆ ಮುಂದಿನವರಿಗಾದರೂ ಉತ್ತರ ದೊರೆಯುತ್ತದೆ. ಲಕ್ಕುಂಡಿಯ ಸಾವಿರ ಪ್ರತಿಗಳ ವಿಷಯದಲ್ಲಿ ನಾವು ಕಳೆದುಕೊಂಡ ಹೆಸರುಗಳು ಇನ್ನು ಸಿಕ್ಕಲಾರವು. ಇವುಗಳ ವಿಷಯದಲ್ಲಿ ಇನ್ನೂ ಕಾಲ ಮಿಂಚಿಲ್ಲ.